ಅರ್ಧ ಸುತ್ತು ತಿರುಗಿಸಿ ನೋಡಿ

ಚಿಕ್ಕಮಗಳೂರಿನಲ್ಲಿ ನಿಮಗೆ ಹೊಟ್ಟೆನೋವು ಬಂದರೆ ಔಷಧಿ ಹೇಳಲು ನಾಲ್ಕು ಜನ ಸಿಗಬಹುದು. ಟೂ ಸ್ಟ್ರೋಕ್ ಬೈಕ್ ಕೆಟ್ಟರೆ ಇಡೀ ಊರೇ ಸಿಗುತ್ತದೆ. ಅದರಲ್ಲೂ ಯಮಹಾ ಆರ್‌ಎಕ್ಸ್ 100 ಆದರೆ ಮುಗಿದೇ ಹೋಯಿತು. 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಈ 98 ಸಿಸಿ ಗಾಡಿಯನ್ನು ಒಂದು ಕಾಲದಲ್ಲಿ ಓಡಿಸದವರು ನಮ್ಮ ಕಡೆ ಕಮ್ಮಿ. ಓಡಿಸದವರು ಹಿಂದೆ ಕೂತಿರುತ್ತಾರೆ. ಹಿಂದೆ ಕೂತವರೂ ಮೆಕ್ಯಾನಿಕ್ಕುಗಳೇ.

ನನ್ನದು ಮಡ್‌ಗಾರ್ಡ್ ಎತ್ತರಿಸಿ, ಬಟನ್ ಟೈರ್ ಹಾಕಿಸಿ, ತೋಟದ ದಾರಿಗೂ ಕೊಯ್ಲಾದ ಗದ್ದೆಯಲ್ಲಿ ನಡೆಯುವ ರೇಸಿಗೂ ಅಂತ ಇಟ್ಟುಕೊಂಡ ಗಾಡಿ. ರೇಸಿನಲ್ಲಿ ಎಷ್ಟನೇ ಸ್ಥಾನ ಅಂತ ಕೇಳಬೇಡಿ. ಮುಂದಿನವರ ಧೂಳು ಜಾಸ್ತಿ ಕುಡಿದವರಿಗೆ ಬಹುಮಾನ ಇಟ್ಟಿದ್ದರೆ ಕಪ್ ನಮ್ಮನೆ ಶೋಕೇಸಿನಲ್ಲೇ ಇರುತ್ತಿತ್ತು.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಇದರ ಕಾರ್ಬೊರೇಟರಿನ ಪಕ್ಕದಲ್ಲಿ ಎರಡು ಸ್ಕ್ರೂ ಇವೆ. ಒಂದು ಸ್ಲೋ ಸ್ಕ್ರೂ. ಗಾಡಿ ನಿಂತಲ್ಲಿ ಆಫ್ ಆಗದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಇನ್ನೊಂದು ಏರ್ ಸ್ಕ್ರೂ. ಒಳಕ್ಕೆ ಬಿಗಿದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಹೊರಕ್ಕೆ ಬಿಟ್ಟರೆ ಉಲ್ಟಾ. ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ಬಿಟ್ಟು, ಎಂಜಿನ್ ಬಿಸಿಯಾದ ಮೇಲೆ ಕಿವಿಗೊಟ್ಟು ಚೂರು ಆಚೀಚೆ ಮಾಡಿದರೆ ಆಯಿತು. ತಮಾಷೆ ಏನಂದರೆ, ಈ ಸ್ಕ್ರೂವಿನ ಆಟ ಆಕ್ಸಿಲರೇಟರ್ ಎಂಟರಲ್ಲಿ ಒಂದು ಪಾಲು ತೆರೆಯುವ ತನಕ ಮಾತ್ರ. ಅಲ್ಲಿಂದಾಚೆಗೆ ಸ್ಲೈಡು, ಆಮೇಲೆ ಸೂಜಿ, ಪೂರ್ತಿ ಎಳೆದಾಗ ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾದುಬರುವ ತೂತಿನ ಹಿತ್ತಾಳೆ ತುಣುಕು. ಆದರೆ ಅವೆಲ್ಲ ಒಳಗೆ ಕೂತಿವೆ. ಕಣ್ಣಿಗೆ ಕಾಣೋದು, ಕೈಗೆ ಸಿಗೋದು ಹೊರಗಿರುವ ಇದೊಂದೇ. ಹಾಗಾಗಿ ಬ್ರೇಕ್ ಹಿಡಿಯದಿದ್ದರೂ ನಮ್ಮ ಜನ ಇದನ್ನೇ ತಿರುಗಿಸುತ್ತಾರೆ.

ಹೋದ ಮಳೆಗಾಲ ಮುಗಿದ ಮೇಲೆ ಗಾಡಿಗೆ ಹೊಸ ಚಾಳಿ ಶುರುವಾಯಿತು. ಕೈಮರ ದಾಟಿ ಮುಳ್ಳಯ್ಯನಗಿರಿ ರಸ್ತೆ ಹತ್ತಿಸಿದರೆ ಸ್ವಲ್ಪ ದೂರ ಚೆನ್ನಾಗೇ ಹೋಗುತ್ತಿತ್ತು. ಆಮೇಲೆ ಮಿಸ್ಸಿಂಗ್ ಹೊಡೆದು ಹೊಡೆದು ನಿಂತೇಬಿಡುತ್ತಿತ್ತು. ಮೊದಲ ಸಲ ನಿಂತಾಗ ಟೂರಿಸ್ಟುಗಳನ್ನು ಇಳಿಸಿ ಬರುತ್ತಿದ್ದ ಜೀಪಿನವನು ನೋಡಿದ.

“ಏನಾಯ್ತಣ್ಣ? ಕಾರ್ಬೇಟರಾ? ಏರ್ ಜಾಸ್ತಿಯಾಗಿದೆ. ಅರ್ಧ ಸುತ್ತು ಒಳಗೆ ಕೊಡಿ.”

ನಾನು ಕೊಡುವ ಮೊದಲೇ ಅವನೇ ಕೊಟ್ಟ. ಪ್ಲಗ್ ಬಿಚ್ಚಿದ, ಊದಿದ, ಪ್ಯಾಂಟಿಗೆ ಒರೆಸಿದ, ಹಾಕಿದ. ಒಂದೇ ಕಿಕ್ಕಿಗೆ ಸ್ಟಾರ್ಟ್! ಅವನ ಮುಖ ನೋಡಬೇಕಿತ್ತು. ಇನ್ನೊಂದು ದಿನ ಅದೇ ಏರಿನಲ್ಲಿ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಸಿಕ್ಕಿದರು. ಬಗ್ಗಿ ನೋಡಿ, “ಯಾರು ಮಾರಾಯ್ರೆ ಇದನ್ನ ಇಷ್ಟು ಬಿಗಿದದ್ದು? ಗಾಡಿಗೆ ಗಾಳಿಯೇ ಇಲ್ಲ. ಅರ್ಧ ಸುತ್ತು ಹೊರಗೆ ಬಿಡಬೇಕು” ಅಂತ ಬಿಟ್ಟರು. ಎಲೆ ಅಡಿಕೆ ಹಾಕಿಕೊಂಡು ಒಂದಷ್ಟು ಹೊತ್ತು ಎಂಜಿನ್ನಿನ ಬಗ್ಗೆ ಪಾಠ ಹೇಳಿದರು. ಆಮೇಲೆ ಕಿಕ್ ಮಾಡಿದರೆ ಆಗಲೂ ಒಂದೇ ಏಟಿಗೆ ಸ್ಟಾರ್ಟ್. ಬಿಗಿದರೂ ಸರಿಹೋಗುತ್ತದೆ, ಸಡಿಲಿಸಿದರೂ ಸರಿಹೋಗುತ್ತದೆ ಅನ್ನುವ ರೋಗ ಯಾವುದು? ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಮಾತ್ರ ಸ್ಕ್ರೂ ಮುಟ್ಟಲಿಲ್ಲ. “ಇದಕ್ಕೆ ಅಪ್‌ಡೇಟ್ ಏನಾದ್ರೂ ಬಂದಿದೆಯಾ ಅಂಕಲ್?” ಅಂತ ಕೇಳಿ ಹೋದ.

ಮಂಗಳೂರಿನ ನಮ್ಮ ಭಾವನದು ಬೇರೆಯೇ ವಾದ. ಅವರ ಹತ್ತಿರ ಮೈಸೂರಿನಲ್ಲೇ ತಯಾರಾದ ಹಳೇ ಯೆಜ್ಡಿ ಇದೆ. ಅವರು ಹೇಳೋದರಲ್ಲಿ ಸತ್ಯ ಇತ್ತು ಅನ್ನಿ. ಮುಳ್ಳಯ್ಯನಗಿರಿ ನೆತ್ತಿ 1,930 ಮೀಟರ್ ಎತ್ತರ. ಸಮುದ್ರದ ದಂಡೆಗೆ ಹೋಲಿಸಿದರೆ ಅಲ್ಲಿ ಗಾಳಿಯ ಒತ್ತಡ ಐದರಲ್ಲಿ ಒಂದು ಪಾಲು ಕಮ್ಮಿ. ಗಾಳಿ ತೆಳುವಾಯಿತು ಅಂತ ಜೆಟ್ಟು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕಮ್ಮಿ ಮಾಡೋದಿಲ್ಲ. ಮಿಕ್ಸ್ಚರ್ ರಿಚ್ ಆಗಿ, ಅಂದರೆ ಪೆಟ್ರೋಲ್ ಪಾಲು ಜಾಸ್ತಿಯಾಗಿ, ಗಾಡಿ ಬುಡುಬುಡು ಅನ್ನುತ್ತದೆ, ಪ್ಲಗ್ ಕಪ್ಪಾಗುತ್ತದೆ. ಸಣ್ಣ ನಂಬರಿನ ಮೇನ್ ಜೆಟ್ ಹಾಕಿದರೆ ಸರಿ. ಭಾವ ತಮ್ಮ ಯೆಜ್ಡಿಗೆ ಅದನ್ನು ಹಾಕಿ ಗಿರಿಯಲ್ಲೆಲ್ಲ ಹಾರಾಡಿದರು. ವಾಪಸ್ ಹೋಗುವಾಗ ಜೆಟ್ ಬದಲಿಸಿ ಅಂದರೆ, “ಚಾರ್ಮಾಡಿ ಇಳಿಜಾರಲ್ವಾ, ಎಂಜಿನ್ನಿಗೆ ಏನು ಕೆಲಸ?” ಅಂದುಬಿಟ್ಟರು. ಕೆಲಸ ಇಲ್ಲದಿರೋದೇ ತೊಂದರೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಗಾಡಿ. ಆಕ್ಸಿಲರೇಟರ್ ಮುಚ್ಚಿಕೊಂಡು ಘಾಟಿ ಇಳಿದರೆ ಪೆಟ್ರೋಲ್ ಜೊತೆ ಎಣ್ಣೆಯೂ ಒಳಗೆ ಹೋಗೋದು ಕಮ್ಮಿ. ಕೆಳಗೆ ಗಾಳಿ ದಪ್ಪ, ಜೆಟ್ಟು ಸಣ್ಣದು. ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿನ ಬೋರಿನಲ್ಲಿ ಹಿಡಿದುಕೊಂಡರೆ ಹಿಂದಿನ ಚಕ್ರವೇ ಜಾಮ್. ಕೊನೆಗೆ ಅಕ್ಕ, “ಇವರು ಜೆಟ್ ಹಾಕದಿದ್ದರೆ ನಾನು ಬಸ್ಸಿಗೆ ಬರ್ತೀನಿ” ಅಂದ ಮೇಲೆ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ಬರುವಷ್ಟರಲ್ಲಿ ಹಳೇ ಜೆಟ್ ಕೂತಿತು.

ನನ್ನ ಗಾಡಿಯ ಪ್ಲಗ್ ಮಾತ್ರ ಲಕ್ಷಣವಾಗಿ ಕಂದು ಬಣ್ಣಕ್ಕೇ ಇತ್ತು, ಅಂದರೆ ರೋಗ ಅದಲ್ಲ. ಆದರೂ ಕಾರ್ಬೊರೇಟರ್ ಬಿಚ್ಚದೆ ಮನಸ್ಸು ಕೇಳಬೇಕಲ್ಲ. ಹಿಂದಿನ ಜಗಲಿಯಲ್ಲಿ ಪೇಪರ್ ಹಾಸಿ ಕೂತೆ. ಪೆಟ್ರೋಲ್ ತುಂಬಿ ನಿಲ್ಲುವ ಫ್ಲೋಟ್ ಬೌಲಿನ ತಳದಲ್ಲಿ ಲೋಳೆ ಇತ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್, ಅದು ನೀರು ಎಳೆದುಕೊಳ್ಳುತ್ತದೆ. ಮಲೆನಾಡಿನ ಆಷಾಢದಲ್ಲಿ ಅದಕ್ಕೆ ನೀರಿಗೇನು ಬರ? ಜೆಟ್ಟುಗಳನ್ನು ನೆನೆಹಾಕಲು ಸಣ್ಣ ಡಬರಿಯೊಂದು ಸಿಕ್ಕಿತು.

ಸ್ಲೈಡ್ ಎಳೆದು ಸೂಜಿ ಕೈಗೆತ್ತಿಕೊಂಡೆ. ಅದರ ತಲೆಯಲ್ಲಿ ಐದು ಗೀರು, ಒಂದು ಗೀರಿನಲ್ಲಿ ಕೊತ್ತಂಬರಿ ಬೀಜದಷ್ಟು ಸಣ್ಣ ಕ್ಲಿಪ್. ಕ್ಲಿಪ್ ಕೆಳಗಿನ ಗೀರಿಗೆ ಹೋದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಜಾಸ್ತಿ. ಮೇಲಿನ ಗೀರಿಗೆ ಹೋದರೆ ಕಮ್ಮಿ. ನಮ್ಮ ಕ್ಲಿಪ್ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಹೋಗಲಿಲ್ಲ. ‘ಟಿಣ್’ ಅಂದು ಅಂಗಳದಲ್ಲಿ ಒಣಗಲು ಹಾಕಿದ್ದ ಕಾಫಿಯೊಳಗೆ ಹೋಯಿತು. ಮನೆಮಂದಿಯೆಲ್ಲ ಕಾಫಿ ಹಣ್ಣು ಸರಿಸಿ ಸರಿಸಿ ಹುಡುಕಿದೆವು. ಸಿಕ್ಕಿದ್ದು ಅಮ್ಮನಿಗೆ. ಕೊಡುವಾಗ ಕೇಳಿದ್ದು ಬೇರೆ ಪ್ರಶ್ನೆ: “ಆ ಡಬರಿ ಯಾವುದು?”

ಒಗ್ಗರಣೆ ಡಬರಿ ಅಂತ ನನಗೆ ಹೇಗೆ ಗೊತ್ತಾಗಬೇಕು? ಆದರೂ ಅಮ್ಮ ದೊಡ್ಡ ಮನಸ್ಸು ಮಾಡಿ ಜೆಟ್ ಚುಚ್ಚಲು ಸೀರೆಯ ಪಿನ್ ಕೊಡಲು ಬಂದಳು. ಬೇಡ ಅಂದೆ. ಹಿತ್ತಾಳೆ ಮೆತ್ತಗೆ. ಪಿನ್ ಆಡಿಸಿದರೆ ತೂತು ದೊಡ್ಡದಾಗಿ, ಜೆಟ್ ಮೇಲೆ ಕೊರೆದ ನಂಬರೇ ಸುಳ್ಳಾಗುತ್ತದೆ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಮಾರನೇ ದಿನದ ಸಾರಿಗೆ ಪೆಟ್ರೋಲ್ ಬಂಕಿನ ಪರಿಮಳ ಇತ್ತು. ಗಾಡಿ ಕೈಮರದ ಏರಿನಲ್ಲಿ ಮತ್ತೆ ನಿಂತಿತು.

ಕೊನೆಗೆ ಆಲ್ದೂರು ಕಡೆಯ ಹಳೇ ಮೇಸ್ತ್ರಿ ಹತ್ತಿರ ಒಯ್ದೆ. ಅವರು ಸ್ಕ್ರೂಡ್ರೈವರ್ ಮುಟ್ಟಲಿಲ್ಲ.

“ನಿಂತ ಮೇಲೆ ಮತ್ತೆ ಯಾವಾಗ ಸ್ಟಾರ್ಟ್ ಆಗ್ತದೆ?”

“ಯಾರಾದ್ರೂ ಸ್ಕ್ರೂ ತಿರುಗಿಸಿದ ಮೇಲೆ.”

“ತಿರುಗಿಸದೆ ಸುಮ್ನೆ ಕೂತರೆ?”

ಆ ಪ್ರಯೋಗಕ್ಕೆ ಊರು ಅವಕಾಶವನ್ನೇ ಕೊಟ್ಟಿರಲಿಲ್ಲ. ಮೇಸ್ತ್ರಿ ಒಂದು ರೌಂಡ್ ಹೋದರು. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದರು. ‘ಉಸ್ಸ್’ ಅಂತ ಗಾಳಿ ಒಳಗೆ ನುಗ್ಗಿತು. ಮುಚ್ಚಳದಲ್ಲಿ ಗಾಳಿಗೆ ಅಂತ ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬರಬೇಕು, ಬರದಿದ್ದರೆ ಪೆಟ್ರೋಲ್ ಕೆಳಗಿಳಿಯೋದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಹೇಗೋ ನುಸುಳಿ ಬಂದು ಗಾಡಿ ತಾನಾಗೇ ಸ್ಟಾರ್ಟ್. ಆ ಹೊತ್ತಿಗೆ ಸ್ಕ್ರೂ ಯಾರ ಕೈಯಲ್ಲಿತ್ತೋ ಅವರೇ ಡಾಕ್ಟರ್.

ಮೇಸ್ತ್ರಿ ಮಣ್ಣು ತೆಗೆದು ಕೈ ಒರೆಸಿಕೊಂಡರು. ದುಡ್ಡು ಬೇಡ ಅಂದರು.

ವಾಪಸ್ ಬರುವಾಗ ಟೀ ಅಂಗಡಿ ಹತ್ತಿರ ರೈಟರ್ ಸಿಕ್ಕಿದರು. ಸ್ಕ್ರೂ ಅಲ್ಲ ಸ್ವಾಮಿ, ಟ್ಯಾಂಕಿಗೆ ಗಾಳಿ ಹೋಗ್ತಾ ಇರಲಿಲ್ಲ ಅಂತ ಎಲ್ಲ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು.

“ಗಾಡಿಗೆ ಗಾಳಿಯೇ ಇಲ್ಲ ಅಂತ ನಾನು ಅವತ್ತೇ ಹೇಳಿದ್ದೆನಲ್ಲ ಮಾರಾಯ್ರೆ” ಅಂದವರೇ ಕಾರ್ಬೊರೇಟರ್ ಕಡೆ ಬಗ್ಗಿದರು. ನಾನು ಕಿಕ್ಕರ್ ಹೊಡೆದು ಹೊರಟೆ.