ಶನಿವಾರದ ಟಿಕೆಟ್ ತಗೊಳ್ಳಿ, ಭಾನುವಾರ ಟಿವಿ ಸಾಕು

ಸಿಂಗಾಪುರದ ಎಫ್1 (ಫಾರ್ಮುಲಾ ಒನ್) ಕಾರ್ ರೇಸ್ ಹತ್ತಿರ ಬಂತು ಅಂದರೆ ಊರಿನ ಗೆಳೆಯರ ವಾಟ್ಸಾಪ್ ಶುರು. "ಈ ಸಲ ಯಾರು ಗೆಲ್ತಾರೆ ಮಾರಾಯ?" ಅದೂ ಬುಧವಾರವೇ, ಒಂದು ಕಾರೂ ಟ್ರ್ಯಾಕಿಗೆ ಇಳಿಯುವ ಮೊದಲೇ. ಕೆಲವರಂತೂ ಕೇಳುವುದೂ ಇಲ್ಲ, ಅವರೇ ಹೇಳಿಬಿಡುತ್ತಾರೆ. ಚಾಲಕ ಮ್ಯಾಕ್ಸ್ ವರ್ಸ್ಟಾಪನ್ ಅಭಿಮಾನಿಗೆ ಮ್ಯಾಕ್ಸ್, ಹ್ಯಾಮಿಲ್ಟನ್ ಅಭಿಮಾನಿಗೆ ಹ್ಯಾಮಿಲ್ಟನ್. "ಈ ಸಲ ಕಪ್ ನಮ್ದೇ" ಅಂತ ವರ್ಷಗಟ್ಟಲೆ ಕೂಗಿ 2025ರಲ್ಲಿ ಕೊನೆಗೂ ಕಪ್ ನೋಡಿದವರು ನಾವು, ಹಾಗಾಗಿ ಮನಸ್ಸಿಗೆ ಬಂದದ್ದೇ ಭವಿಷ್ಯ. ಯಾರು ಯಾವ ಸ್ಥಾನದಿಂದ ಹೊರಡಬೇಕು ಅಂತ ತೀರ್ಮಾನಿಸುವ ಶನಿವಾರದ ಕ್ವಾಲಿಫೈಯಿಂಗ್ ಅಂದರೆ ನಮ್ಮವರಿಗೆ ಟಾಸ್ ಇದ್ದ ಹಾಗೆ. ಯಾರು ಗೆದ್ದರು ಅಂತ ಆಮೇಲೆ ನೋಡಿಕೊಂಡರಾಯಿತು.

ನನಗೆ ಇದು ಸರಿ ಕಾಣುವುದಿಲ್ಲ. ಬೇರೆ ಟ್ರ್ಯಾಕಿನ ಮಾತು ಬಿಡಿ, ಸಿಂಗಾಪುರದ ಮರೀನಾ ಬೇ ಥರದ ಬೀದಿ ಸರ್ಕ್ಯೂಟಿನಲ್ಲಿ ನಿಜವಾದ ಜಗಳ ನಡೆಯುವುದು ಶನಿವಾರ.

ಲೆಕ್ಕ ಹಾಕಿ ನೋಡಿ. 2008ರಲ್ಲಿ ಶುರುವಾದ ಈ ರೇಸ್ ಕೋವಿಡ್‌ನ ಎರಡು ವರ್ಷ ಬಿಟ್ಟು 2025ರವರೆಗೆ 16 ಸಲ ನಡೆದಿದೆ. ಅದರಲ್ಲಿ 11 ಸಲ ಎಲ್ಲರಿಗಿಂತ ಮುಂದಿನ ಜಾಗದಲ್ಲಿ, ಅಂದರೆ ಪೋಲ್‌ನಲ್ಲಿ ನಿಂತವನೇ ಗೆದ್ದ. 2023ರಲ್ಲಿ ಸೈನ್ಜ್, 2024ರಲ್ಲಿ ನಾರಿಸ್, 2025ರಲ್ಲಿ ರಸೆಲ್, ಮೂವರೂ ಪೋಲ್‌ನಿಂದಲೇ. ಮೊದಲ ವರ್ಷ ಅಲೊನ್ಸೊ 15ನೇ ಸ್ಥಾನದಿಂದ ಗೆದ್ದದ್ದು ಹೌದು, ಆದರೆ ಅದು ಅವನ ಜೊತೆಗಾರ ಬೇಕಂತಲೇ ಗೋಡೆಗೆ ಗುದ್ದಿ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಬರಿಸಿದ ಕಥೆ, ಅದನ್ನು ಲೆಕ್ಕಕ್ಕೆ ತಗೊಳ್ಳುವುದು ಬೇಡ. ಆಮೇಲೆ ಐದನೇ ಸ್ಥಾನಕ್ಕಿಂತ ಹಿಂದಿನಿಂದ ಹೊರಟ ಒಬ್ಬನೂ ಇಲ್ಲಿ ಗೆದ್ದಿಲ್ಲ. ಐದರಿಂದ ಗೆದ್ದ ಹ್ಯಾಮಿಲ್ಟನ್‌ಗೂ 2017ರಲ್ಲಿ ಮಳೆ ಬಿದ್ದು, ಮುಂದಿದ್ದ ಎರಡು ಫೆರಾರಿ ಮತ್ತು ಮ್ಯಾಕ್ಸ್ ಮೊದಲ ತಿರುವಿಗೂ ಮುಂಚೆ ಒಬ್ಬರಿಗೊಬ್ಬರು ತಗಲಿಕೊಂಡಿದ್ದರಿಂದ ದಾರಿ ಬಿಟ್ಟಿತು.

ಇಲ್ಲಿ ಸಿಂಗಾಪುರದ ಹಳಬರು ಮಾತಾಡುವ ರೀತಿಯೇ ಬೇರೆ. ಸಿಂಗಾಪುರ್ ಪೂಲ್ಸ್‌ನಲ್ಲಿ ರೇಸ್ ಮೇಲೆ ಕಾನೂನು ಪ್ರಕಾರವೇ ದುಡ್ಡು ಕಟ್ಟಬಹುದು. ನಾನು ಕಟ್ಟುವುದಿಲ್ಲ, ಆದರೆ ಕಟ್ಟುವವರ ಮಾತು ಕೇಳುವುದು ಇಷ್ಟ. ದುಡ್ಡು ಇಟ್ಟವನಿಗೆ ಅಭಿಮಾನ ಜಾಸ್ತಿ ಇರುವುದಿಲ್ಲ ನೋಡಿ. ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತ ಚೀನೀ ಅಂಕಲ್ ಒಬ್ಬರು ಕಣ್ಣನ್ನು ಕಾರಿನ ಮೇಲೆ ಇಟ್ಟದ್ದಕ್ಕಿಂತ ಫೋನಿನ ಲೈವ್ ಟೈಮಿಂಗ್ ಮೇಲೆ ಇಟ್ಟದ್ದೇ ಜಾಸ್ತಿ. ಶುಕ್ರವಾರ ಸಂಜೆ ಬಿಸಿಲಲ್ಲಿ ನಡೆದ ಮೊದಲ ಅಭ್ಯಾಸಕ್ಕೆ ಅವರು ಬೆಲೆಯನ್ನೇ ಕೊಡಲಿಲ್ಲ. ಕ್ವಾಲಿಫೈಯಿಂಗ್ ನಡೆಯುವುದು ರಾತ್ರಿ, ರಸ್ತೆ ತಣ್ಣಗಾದ ಮೇಲೆ, ಹಾಗಾಗಿ ರಾತ್ರಿಯ ಅಭ್ಯಾಸದ ಟೈಮ್ ಮಾತ್ರ ಲೆಕ್ಕಕ್ಕೆ. ಕ್ಯೂ1ರಲ್ಲಿ (ಕ್ವಾಲಿಫೈಯಿಂಗ್‌ನ ಮೂರು ಹಂತಗಳಲ್ಲಿ ಮೊದಲನೆಯದು, ಪ್ರತಿ ಹಂತದಲ್ಲೂ ನಿಧಾನದವರು ಹೊರಬೀಳುತ್ತಾರೆ) ಯಾರ ಟೈಮ್ ಮೇಲಿದೆ ಅಂತಲ್ಲ, ಯಾರು ಕೊನೆಗೆ ಗೆರೆ ದಾಟುತ್ತಾರೆ ಅಂತ ನೋಡಿ ಅಂದರು.

ಅದರಲ್ಲಿ ಅರ್ಥ ಇದೆ. ವರ್ಷವಿಡೀ ಬಸ್ಸು, ಟ್ಯಾಕ್ಸಿ ಓಡಾಡುವ ರಸ್ತೆ ಇದು. ಕಾರುಗಳು ಸುತ್ತಿದಷ್ಟೂ ಟೈರಿನ ರಬ್ಬರ್ ರಸ್ತೆಗೆ ಅಂಟುತ್ತದೆ, ಹಿಡಿತ ಹೆಚ್ಚುತ್ತದೆ, ಕೊನೆಗೆ ಬಂದವನಿಗೆ ಒಳ್ಳೆಯ ರಸ್ತೆ ಸಿಗುತ್ತದೆ. ಆದ್ದರಿಂದ ಎಲ್ಲರೂ ಕೊನೆಗೇ ಹೋಗಬೇಕು. ಟೈರ್ ಜಾಸ್ತಿ ಬಿಸಿಯಾಗದಂತೆ ಆಮೆ ವೇಗದಲ್ಲಿ ಸಾಲಾಗಿ ಬರುತ್ತಾರೆ, ಎದುರಿನವನಿಂದ ಜಾಗ ಬಿಡಿಸಿಕೊಂಡು, ಗಡಿಯಾರ ಮುಗಿಯುವ ಹೊತ್ತಿಗೆ ಒಂದೇ ಸಲ ಬಿಡುತ್ತಾರೆ. ಆ ಹೊತ್ತಲ್ಲಿ ಒಬ್ಬ ಗೋಡೆಗೆ ಹೋದ ಅಂದರೆ ಹಿಂದೆ ಇದ್ದವರೆಲ್ಲರ ಕಥೆ ಮುಗೀತು. 2023ರಲ್ಲಿ ಸ್ಟ್ರೋಲ್ ಕೊನೆಯ ತಿರುವಿನಲ್ಲಿ ಗುದ್ದಿದ, ಓಟ ನಿಲ್ಲಿಸುವ ಕೆಂಪು ಬಾವುಟ ಬಂತು, ಪಿಯಾಸ್ಟ್ರಿ ಕ್ಯೂ1ರಲ್ಲೇ ಮನೆಗೆ. ಅದೇ ರಾತ್ರಿ ಕ್ಯೂ2ರಲ್ಲಿ ರೆಡ್ ಬುಲ್ ತಂಡದ ಇಬ್ಬರೂ ಹೊರಬಿದ್ದರು. ಮ್ಯಾಕ್ಸ್ 11, ಪೆರೆಜ್ 13. ಆ ವರ್ಷದ 22 ರೇಸ್‌ಗಳಲ್ಲಿ ರೆಡ್ ಬುಲ್ ಸೋತದ್ದು ಇದೊಂದೇ, ಅದು ಸೋತದ್ದು ಶನಿವಾರವೇ.

ಭಾನುವಾರ ಸೈನ್ಜ್ ಮಾಡಿದ್ದೂ ಅಷ್ಟೇ ಮಜಾ. ಬೇಕಂತಲೇ ನಿಧಾನ ಓಡಿಸಿದ. ಹಿಂದಿನವರೆಲ್ಲ ಒತ್ತೊತ್ತಾಗಿ ನಿಂತರು, ಟೈರ್ ಬದಲಿಸಿ ಮತ್ತೆ ಒಳಗೆ ಬರಲು ಯಾರಿಗೂ ಜಾಗವೇ ಸಿಗಲಿಲ್ಲ. ಕೊನೆಗೆ ಹಿಂದಿದ್ದ ನಾರಿಸ್‌ಗೆ ಡಿಆರ್‌ಎಸ್ (ಹಿಂದಿನ ರೆಕ್ಕೆ ತೆರೆದು ವೇಗ ಹೆಚ್ಚಿಸುವ ಸೌಲಭ್ಯ) ಸಿಗುವಷ್ಟು ಹತ್ತಿರ ಬಿಟ್ಟುಕೊಂಡ, ಅವನು ಮರ್ಸಿಡಿಸ್‌ಗಳನ್ನು ತಡೆಯಲಿ ಅಂತ. ಮರ್ಸಿಡಿಸ್‌ನ ರಸೆಲ್ ಕೊನೆಯ ಸುತ್ತಿನಲ್ಲಿ ಗೋಡೆಗೆ ಹೋದ. ಪೋಲ್ ಇಲ್ಲದಿದ್ದರೆ ಈ ಆಟ ಆಡುವುದಕ್ಕೇ ಆಗುತ್ತಿರಲಿಲ್ಲ.

ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್2 (ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್, ಅಂದರೆ ಚಿಕ್ಕ ರೇಸ್, ಗೆದ್ದಾಗ ನಮ್ಮ ಗ್ರೂಪಿನಲ್ಲಿ ಬಾವುಟದ ಎಮೋಜಿಗಳ ಮಳೆ. ನನಗೂ ಖುಷಿಯೇ. ಆದರೆ ಅವನು ಎಲ್ಲಿಂದ ಹೊರಟ ಅಂತ ಒಬ್ಬರೂ ಕೇಳಲಿಲ್ಲ. ಕ್ವಾಲಿಫೈಯಿಂಗ್‌ನಲ್ಲಿ ಅವನಿಗೆ ಸಿಕ್ಕಿದ್ದು ಹತ್ತನೇ ಸ್ಥಾನ. ಎಫ್2 ಸ್ಪ್ರಿಂಟ್‌ಗೆ ಮೊದಲ ಹತ್ತು ಜನರನ್ನು ತಿರುಗಿಸಿ ನಿಲ್ಲಿಸುತ್ತಾರೆ, ಹಾಗಾಗಿ ಹತ್ತನೆಯವನೇ ಎಲ್ಲರಿಗಿಂತ ಮುಂದೆ. ಹನ್ನೊಂದನೆಯವನಾಗಿದ್ದರೆ ಹನ್ನೊಂದನೇ ಜಾಗವೇ ಗತಿ.

ನಮ್ಮವರಿಗೆ ಈ ಬುದ್ಧಿ ಇಲ್ಲ ಅಂತ ಮಾತ್ರ ನಾನು ಒಪ್ಪುವುದಿಲ್ಲ. ನಾನು ಮೂಡುಬಿದಿರೆ ಕಡೆಯವನು. ಕಂಬಳದಲ್ಲಿ ರಾತ್ರಿಯಿಡೀ ಎದ್ದು ಕೂರುವ ನಮ್ಮ ಮಾವಂದಿರನ್ನು ನೋಡಬೇಕು ನೀವು. ಗಂತಿನಲ್ಲಿ (ಓಟ ಹೊರಡುವ ಜಾಗ) ಕೋಣ ಎಷ್ಟು ಹೊತ್ತು ಕೊಸರಾಡಿತು, ಎರಡು ಕರೆಯಲ್ಲಿ (ಕೋಣ ಓಡುವ ಕೆಸರಿನ ದಾರಿ) ಯಾವುದರಲ್ಲಿ ಕೆಸರು ಹೇಗಿದೆ, ಓಟ ಮುಗಿಯುವ ಮಂಜೊಟ್ಟಿ ಹತ್ತುವಾಗ ಯಾವ ಜೋಡಿಗೆ ಇನ್ನೂ ಉಸಿರು ಉಳಿದಿತ್ತು, ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕ ಬಾಯಲ್ಲೇ ಇರುತ್ತದೆ. ಅವರು ಫೈನಲ್ ಹೇಳುವುದು ಹಿಂದಿನ ಓಟ ನೋಡಿ, ಯಜಮಾನರ ಹೆಸರು ನೋಡಿ ಅಲ್ಲ. ಅದೇ ಮನುಷ್ಯ ಎಫ್1 ಎದುರು ಕೂತರೆ ಸುಮ್ನೆ ಹೆಸರು ಹಿಡಿದು ಜಗಳಕ್ಕೆ ನಿಲ್ಲುತ್ತಾನೆ. ಯಾಕೆಂದರೆ ನಮಗೆ ಹೈಲೈಟ್ಸ್ ಮಾತ್ರ ಸಿಕ್ಕಿ ಅಭ್ಯಾಸ.

2026ರ ಅಕ್ಟೋಬರ್‌ಗೆ ಇಲ್ಲಿ ಮೊದಲ ಸಲ ಸ್ಪ್ರಿಂಟ್ ಇಟ್ಟಿದ್ದಾರೆ. ಅಂದರೆ ಅಭ್ಯಾಸಕ್ಕೆ ಒಂದೇ ಅವಕಾಶ, ಆಮೇಲೆ ನೇರ ಸ್ಪ್ರಿಂಟ್ ಕ್ವಾಲಿಫೈಯಿಂಗ್. ಕಾರುಗಳು 22, ಡಿಆರ್‌ಎಸ್ ಇಲ್ಲ, ಎಂಜಿನ್ ಹೊಸದು. ಇನ್ನು ಮುಂದೆ ಓವರ್‌ಟೇಕ್ ಸುಲಭ ಅನ್ನುವವರು ಇದ್ದಾರೆ. ಕಾರು ಬದಲಾದರೂ ಟ್ರ್ಯಾಕಿನ ದಾರಿಯಲ್ಲಿರುವ ಇಕ್ಕಟ್ಟಾದ ಆಂಡರ್ಸನ್ ಸೇತುವೆ ಅಗಲ ಆಗಿಲ್ಲ, ಅಲ್ವಾ? ಗೆಲ್ಲುವವನು ಮೊದಲ ಎರಡು ಸಾಲಿನಿಂದಲೇ ಬರುತ್ತಾನೆ ಅಂತ ನನ್ನ ಲೆಕ್ಕ. 2023ರವರೆಗೆ ಪ್ರತಿ ಸಲ ಬಂದು ಕಳೆದ ಎರಡು ವರ್ಷ ಬಾರದ ಸೇಫ್ಟಿ ಕಾರ್ ಈ ಸಲ ಬರುತ್ತದೆ. ಕ್ಯೂ1ರ ಕೊನೆಯ ನಿಮಿಷದಲ್ಲಿ ಕೆಂಪು ಬಾವುಟ ಬಂದು ದೊಡ್ಡ ಹೆಸರಿನವನೊಬ್ಬ ಹೊರಬೀಳುತ್ತಾನೆ ಅಂತಲೂ ಬರೆದಿಟ್ಟುಕೊಳ್ಳಿ.