ಹನುಮಪ್ಪನೊಬ್ಬನೇ ಖಾಯಂ ನಿವಾಸಿ

ಕಂದಾಯ ಇಲಾಖೆಯ ನಕಾಶೆ ಬಿಚ್ಚಿ ನೋಡಿದರೆ ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಜನರಿಗಿಂತ ಊರುಗಳೇ ಸುಖವಾಗಿವೆ. ನಮ್ಮ ಹೋಬಳಿಯಲ್ಲೇ ಒಂದು ಗ್ರಾಮ ಇದೆ. ಅದಕ್ಕೆ ಹೆಸರಿದೆ, ಗಡಿಕಲ್ಲಿದೆ, ಸರ್ವೆ ನಂಬರುಗಳಿವೆ. ಜನ ಮಾತ್ರ ಇಲ್ಲ. ದಾಖಲೆಯಲ್ಲಿ ಬೇಚರಾಕ್, ಅಂದರೆ ಜನವಸತಿ ಇಲ್ಲದ ಊರು ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಪ್ಲೇಗಿಗೋ ಬರಕ್ಕೋ ಎಲ್ಲರೂ ಎಂದೋ ಗಂಟುಮೂಟೆ ಕಟ್ಟಿದರು. ಉಳಿದವನು ಗುಡಿಯ ಹನುಮಪ್ಪ ಒಬ್ಬನೇ. ಶನಿವಾರ ಪಕ್ಕದೂರಿನವರು ಬಂದು ದೀಪಕ್ಕೆ ಎಣ್ಣೆ ಹಾಕಿ ಹೋಗುತ್ತಾರೆ. ಇಡೀ ಹೋಬಳಿಯಲ್ಲಿ ತಕರಾರಿಲ್ಲದ ವಿಳಾಸ ಅಂದರೆ ಅವನದೇ.

ಅಲ್ಲಿಂದ ಕೂಗಳತೆ ದೂರದಲ್ಲಿ ಒಂದು ಹಟ್ಟಿ. ಮನೆಗಳಿವೆ, ಶಾಲೆ ಇದೆ, ಅಂಗನವಾಡಿ, ನೀರಿನ ಟ್ಯಾಂಕು, ಗಂಡಸರು ಕೂರೋಕೆ ಬೇವಿನ ಕಟ್ಟೆ ಎಲ್ಲ ಇದೆ. ನಕಾಶೆಯಲ್ಲಿ ಮಾತ್ರ ಹಟ್ಟಿ ಇಲ್ಲ! ಅಲ್ಲಿರುವುದು ಹೊಲ. ಪಹಣಿಯಲ್ಲಿ ಮಾಲೀಕರನ್ನು ಬರೆಯುವ 9ನೇ ಕಾಲಂನಲ್ಲಿ ಎಂದೋ ತೀರಿಕೊಂಡ ಯಜಮಾನರ ಹೆಸರು, ಬೆಳೆ ಬರೆಯುವ 12ನೇ ಕಾಲಂನಲ್ಲಿ ಶೇಂಗಾ. ಅಂದರೆ ಸರ್ಕಾರದ ಲೆಕ್ಕದಲ್ಲಿ ಅಡುಗೆಮನೆ, ಬಚ್ಚಲು, ದೇವರ ಮೂಲೆ, ಎಲ್ಲ ಕಡೆ ಶೇಂಗಾ ಬೆಳೆದು ನಿಂತಿದೆ. ಅಜ್ಜಿ ಒಲೆ ಹಚ್ಚಿದರೆ ಬೆಳೆಹಾನಿ ಅಲ್ವಾ? ಪರಿಹಾರ ಕೇಳಬಹುದೇನೋ.

ಹಾಗಂತ ಹಟ್ಟಿ ಪೂರ್ತಿ ಇಲ್ಲ ಅನ್ನೋ ಹಾಗೂ ಇಲ್ಲ. ಮನೆ ಕಂದಾಯ ವಸೂಲಿ ಮಾಡುವಾಗ ಇರುತ್ತದೆ. ಓಟಿನ ದಿನವಂತೂ ಜಾಸ್ತಿನೇ ಇರುತ್ತದೆ, ಬೆಳಿಗ್ಗೆ ಏಳಕ್ಕೇ ಜೀಪು ಬಂದು ನಿಲ್ಲುತ್ತದೆ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ಮನೆಯ ಆಸ್ತಿ ದಾಖಲೆಯಾದ ಫಾರಂ 9 ಕೊಡಿ ಅಂದ ಕೂಡಲೇ ಮಾಯ. ಫಾರಂ ಇಲ್ಲದಿದ್ದರೆ ಬ್ಯಾಂಕಿನವರು ಮನೆ ಸಾಲದ ಅರ್ಜಿಯನ್ನು ಮುಟ್ಟೋದೂ ಇಲ್ಲ.

ಕಾನೂನು ಇಲ್ಲ ಅನ್ನಬೇಡಿ. 1974ರಲ್ಲಿ ಉಳುವವನೇ ಒಡೆಯ ಅಂತಾಯಿತು. ಮನೆ ಕಟ್ಟಿಕೊಂಡು ಇರುವವನ ಸರದಿ ಬರೋಕೆ ಮತ್ತೆ ನಾಲ್ಕು ದಶಕ ಬೇಕಾಯಿತು. ದಾಖಲೆಯಿಲ್ಲದ ಇಂಥ ಜನವಸತಿಗಳ ಮನೆಗಳಿಗೆ, ವಾಸ ಇರುವವರನ್ನೇ ಒಡೆಯರನ್ನಾಗಿಸುವ 38ಎ ಕಲಮನ್ನು ಭೂಸುಧಾರಣಾ ಕಾಯ್ದೆಗೆ ಸೇರಿಸಿದರು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಪ್ರಧಾನಿಯೇ ಬಂದು, ತಾಂಡಾಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮ ನಡೆಸಿದರು. ನಮ್ಮ ಹಟ್ಟಿಯವರು ಅದನ್ನು ಟಿವಿಯಲ್ಲಿ ನೋಡಿದರು. ಶೇಂಗಾ ಹೊಲದಲ್ಲಿ ಕೂತುಕೊಂಡೇ.

ಇದನ್ನೆಲ್ಲ ಕೇಳೋಕೆ ತಾಲ್ಲೂಕು ಪಂಚಾಯಿತಿ ಸದಸ್ಯರಿಲ್ವಾ ಅಂತ ನೀವು ಕೇಳಬಹುದು. 2016ರಲ್ಲಿ ಗೆದ್ದವರ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕಟ್ಟಡ ಇದೆ, ಬೋರ್ಡಿದೆ, ಕುರ್ಚಿಗಳಿವೆ, ಕೂರುವವರಿಲ್ಲ. ಅದನ್ನೂ ಬೇಚರಾಕ್ ಅಂತ ಘೋಷಿಸಿದರೆ ದಾಖಲೆಯಾದರೂ ಸರಿಹೋಗುತ್ತಿತ್ತು.

ಕೊನೆಗೆ ಹಟ್ಟಿಯ ಯಜಮಾನರು ಕಚೇರಿಗೇ ಹೋದರು. ಗುಮಾಸ್ತರು ಕಡತ ತಿರುವಿ ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು.

‘ಯಜಮಾನ್ರೇ, ಸುಮ್ನೆ ಯಾಕೆ ಓಡಾಡ್ತೀರಿ? ಪಕ್ಕದ ಬೇಚರಾಕ್ ಗ್ರಾಮಕ್ಕೆ ಎಲ್ಲ ದಾಖಲೆ ಇದೆ, ಮನೆ ಕಟ್ಟೋ ಜಾಗ ಗ್ರಾಮಠಾಣಾನೂ ಖಾಲಿ ಬಿದ್ದಿದೆ. ಎಲ್ಲರೂ ಅಲ್ಲಿಗೇ ಹೋಗಿಬಿಡಿ.’

‘ಅಲ್ಲಿ ನೀರಿಲ್ಲ ಸ್ವಾಮಿ. ಅದಕ್ಕೇ ನಮ್ಮ ಮುತ್ತಾತ ಬಿಟ್ಟು ಬಂದಿದ್ದು.’

‘ಹಾಗಾದ್ರೆ ನೀರಿಗೆ ಬೇರೆ ಅರ್ಜಿ ಕೊಡಿ. ಅರ್ಜಿಯಲ್ಲಿ ಊರಿನ ಹೆಸರು ಬರೆಯೋದು ಮರೀಬೇಡಿ.’