ಸಹ ಅರ್ಜಿದಾರರ ಕಾಲಂ

ತಲಪಾಡಿ ದಾಟಿ ಕಾಸರಗೋಡಿಗೆ ಬರುವ ದಾರಿಯಲ್ಲಿ ಮನೆ ಸಾಲದ ಹೋರ್ಡಿಂಗ್‌ಗಳನ್ನು ನೋಡದವರಿಲ್ಲ. ಗಂಡ, ಹೆಂಡತಿ, ಎರಡು ಮಕ್ಕಳು. ನಾಲ್ವರಿಗೂ ಹಲ್ಲು ಒಂದೇ ಅಳತೆಯದು. ಕೈಯಲ್ಲೊಂದು ಕೀಲಿಕೈ. ‘ಅನಿವಾಸಿಗಳಿಗೆ ಮನೆ ಸಾಲ. ಎರಡನೇ ಮನೆಗೂ ಸೈ. ಬಾಡಿಗೆಯೇ ಕಂತು ಕಟ್ಟುತ್ತದೆ.’ ಈ ಚಿತ್ರದಿಂದ ಒಬ್ಬರು ವಿಚ್ಛೇದನ ಪಡೆದು ಎದ್ದು ಹೋದರೆ ಏನಾಗುತ್ತದೆ ಎಂಬುದನ್ನು ಬಹುಶಃ ಹೋರ್ಡಿಂಗಿನ ಹಿಂಬದಿಯಲ್ಲಿ ಬರೆದಿದ್ದಾರೆ. ಅಲ್ಲಿ ಕಾಡುಬಳ್ಳಿ ಹಬ್ಬಿದೆ.

ಬಾಡಿಗೆಯೇ ಕಂತು ಕಟ್ಟುವ ಪವಾಡವನ್ನು ಮೊದಲು ನೋಡುವ. ಮನೆಗೆ 40 ಲಕ್ಷ ಅಂತ ಇಟ್ಟುಕೊಳ್ಳಿ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆ ಬೆಲೆಯ ಶೇ. 80, ಅಂದರೆ 32 ಲಕ್ಷ. ಉಳಿದ ಎಂಟು ಲಕ್ಷ ಕೈಯಿಂದ. ಕೇರಳದಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ. 8, ನೋಂದಣಿ ಶೇ. 2, ಒಟ್ಟು ನಾಲ್ಕು ಲಕ್ಷ, ಅದೂ ಕೈಯಿಂದ. ಬಡ್ಡಿ ಎಂಟೂವರೆ ಅಂತ ಹಿಡಿದರೆ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 27,770. ಬಾಡಿಗೆ ಒಂಬತ್ತು ಸಾವಿರ ಸಿಕ್ಕಿದರೆ ಮನೆದೇವರಿಗೆ ಒಂದು ತೆಂಗಿನಕಾಯಿ ಒಡೆಯಬಹುದು. ವೀಸಾ ಎರಡು ವರ್ಷದ್ದು, ಸಾಲ ಇಪ್ಪತ್ತು ವರ್ಷದ್ದು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸಹ ಅರ್ಜಿದಾರರ ಕಾಲಂ ತೋರಿಸಿ ಬ್ಯಾಂಕಿನವರು ಕೇಳುವುದು ಬೇರೆಯೇ: ‘ಮಿಸೆಸ್ ಸೈನ್ ಎಲ್ಲಿ?’

ಮಿಸೆಸ್ ಇಲ್ಲ, ವಿಚ್ಛೇದನದ ಡಿಕ್ರಿ ಆಗಿದೆ ಅಂದರೆ ಮುಗಿಯಿತು ಅಂದುಕೊಳ್ಳಬೇಡಿ. ಡಿಕ್ರಿ ಎಲ್ಲಿಯದು? ಊರಲ್ಲಿ ಮದುವೆಯಾಗಿ ದುಬೈಯಲ್ಲಿ ಬಿಟ್ಟದ್ದಾದರೆ, 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಬ್ಯಾಂಕಿನ ವಕೀಲರು ತೆಗೆದು ತೋರಿಸುತ್ತಾರೆ. ಯಾವ ಕಾನೂನಿನಡಿ ಮದುವೆ ಆಗಿತ್ತೋ ಅದೇ ಕಾನೂನು ಒಪ್ಪುವ ಕಾರಣಕ್ಕೆ ವಿಚ್ಛೇದನ ಆಗಿರಬೇಕು, ಇನ್ನೊಬ್ಬರೂ ಆ ಕೋರ್ಟಿಗೆ ಒಪ್ಪಿ ಹಾಜರಾಗಿರಬೇಕು. ನಿಯಮ ಒಳ್ಳೆಯದೇ, ಓಡಿಹೋದ ಗಂಡಂದಿರಿಂದ ಹೆಂಗಸರನ್ನು ಕಾಪಾಡುವಂಥದ್ದು. ಆದರೆ ಏಕಪಕ್ಷೀಯ ಡಿಕ್ರಿ ಹಿಡಿದವನ ಪಾಡು ನೋಡಿ: ದುಬೈಯಲ್ಲಿ ವಿಮಾನ ಹತ್ತುವಾಗ ವಿಚ್ಛೇದಿತ, ಬಜ್ಪೆಯಲ್ಲಿ ಇಳಿಯುವಾಗ ಗೃಹಸ್ಥ.

ಇಬ್ಬರ ಹೆಸರಲ್ಲಿ ಹಳೆಯ ಸಾಲವೊಂದಿದ್ದರೆ ಇನ್ನೂ ಸೊಗಸು. ಕೋರ್ಟು ಗಂಡ ಹೆಂಡತಿಯನ್ನು ಬಿಡಿಸಬಹುದು, ಬ್ಯಾಂಕಿನಿಂದ ಬಿಡಿಸುವುದಿಲ್ಲ. ‘ಕಂತು ಅವನೇ ಕಟ್ಟತಕ್ಕದ್ದು’ ಎಂದು ಡಿಕ್ರಿಯಲ್ಲಿ ಬರೆದಿದ್ದರೂ, ಸಾಲ ತೀರುವವರೆಗೆ ಅಥವಾ ಒಬ್ಬರ ಹೆಸರಿಗೆ ಹೊಸತಾಗಿ ಮಾಡಿಸುವವರೆಗೆ ಇಬ್ಬರೂ ಹೊಣೆ. ಅವನು ಅಲ್ಲಿ ಕಂತು ತಪ್ಪಿಸಿದರೆ ಇಲ್ಲಿ ಅವಳ ಸಿಬಿಲ್ ಸ್ಕೋರ್ ಬೀಳುತ್ತದೆ. ಹಾಗಾಗಿ ಹೊಸ ಸಾಲಕ್ಕೆ ಅರ್ಜಿ ಹಾಕುವ ಮೊದಲು ಹಳೆಯದರ ಲೆಕ್ಕ ಮುಗಿಸಬೇಕು, ಆಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬೇಕು. ಅದನ್ನೂ ಡಿಕ್ರಿಗೆ ಮೊದಲೇ ಮಾಡುವುದು ಜಾಣತನ. ಗಂಡ ಹೆಂಡತಿಯಾಗಿರುವಾಗ ಬರೆದರೆ ಕುಟುಂಬದವರ ರಿಯಾಯಿತಿ ಡ್ಯೂಟಿ, ಆಮೇಲೆ ಬರೆದರೆ ಹೊರಗಿನವರ ದರ. ಪ್ರೀತಿ ಇಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯವರೆಗೆ ದಾಂಪತ್ಯ ಕಾಪಾಡಿಕೊಂಡು ಹೋಗಿ.

ಇನ್ನು ‘ಆಧಾರ’. ಗಡಿಯಾಚೆಯವರಿಗಾಗಿ ಹೇಳಬೇಕು, ನಮ್ಮಲ್ಲಿ ಆಧಾರ ಅಂದರೆ ಕ್ರಯಪತ್ರ, ಮಲಯಾಳದಿಂದ ಬಂದ ಮಾತು. ಆಫೀಸರು ಆಧಾರ ಕೇಳುತ್ತಾರೆ, ಗಲ್ಫಿನಿಂದ ಬಂದವ ಪರ್ಸಿನಿಂದ ಕಾರ್ಡ್ ತೆಗೆದು ಕೊಡುತ್ತಾನೆ. ನಿಜವಾದ ಆಧಾರ ಸಿಕ್ಕಿದ ಮೇಲೆಯೇ ಆಟ ಶುರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮೊದಲಿನ ಕಾಗದಗಳು ಹೆಚ್ಚಾಗಿ ಕನ್ನಡದಲ್ಲಿ. ದಕ್ಷಿಣ ಕನ್ನಡ ಜಿಲ್ಲೆಯ ಅಕ್ಷರ, ಮಸಿ, ‘ಬಾಗಾಯ್ತು’ (ತೋಟದ ಜಾಗ) ಎಂಬ ಶಬ್ದ. ದೂರದ ಊರಿನ ವಕೀಲರಿಗೆ ಅದು ಶಿಲಾಶಾಸನ. ಅನುವಾದಿಸಿ, ನೋಟರಿ ಮಾಡಿಸಿ. ಅನುವಾದದಲ್ಲಿ ಕುಂಬಳೆ ಒಂದು ಕಡೆ ಕುಂಬ್ಲ, ಇನ್ನೊಂದು ಕಡೆ ಕುಂಬಳ. ಮನುಷ್ಯನ ಹೆಸರು ಎರಡು ಥರ ಇದ್ದರೆ ಇಬ್ಬರೂ ಒಬ್ಬರೇ ಎಂದು ವಿಲೇಜ್ ಆಫೀಸಿನಲ್ಲಿ ಸರ್ಟಿಫಿಕೇಟ್ ಸಿಗುತ್ತದೆ. ಊರಿಗೆ ಅಂಥದ್ದು ಎಲ್ಲಿಂದ ತರುವುದು ಮಾರಾಯ್ರೆ? ಹಾಗಾದರೆ ಮಂಗಳೂರಿನ ಬ್ರಾಂಚಿಗೇ ಹೋಗುವ ಅಂದರೆ ಅವರು ಕನ್ನಡವನ್ನು ಸಲೀಸಾಗಿ ಓದುತ್ತಾರೆ, ಓದಿ ಹೇಳುತ್ತಾರೆ: ‘ಆಸ್ತಿ ಕೇರಳದಲ್ಲಿದೆ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ.’

ಜಾಗದ ಬಗೆ ‘ತೋಟ’ ಅಂತಿದ್ದರೆ ಅಲ್ಲಿಗೇ ನಿಂತಿತು. ಫೆಮಾ (ವಿದೇಶಿ ವಿನಿಮಯ ಕಾನೂನು) ಪ್ರಕಾರ ಅನಿವಾಸಿಗಳು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕ್ರಯಕ್ಕೆ ತೆಗೆದುಕೊಳ್ಳುವಂತಿಲ್ಲ. ಬದಿಯಡ್ಕದಲ್ಲಿ ನಾಲ್ಕು ಕಂಗು, ಎರಡು ತೆಂಗು ಇಲ್ಲದ ಮನೆ ಯಾವುದಿದೆ? ಅಡ್ವಾನ್ಸ್ ಕೊಡುವ ಮೊದಲು ತೀರ್ವೆ (ಭೂಕಂದಾಯ) ರಶೀದಿ, ಕೈವಶ ಸರ್ಟಿಫಿಕೇಟ್ ಎರಡರಲ್ಲೂ ಜಾಗದ ಬಗೆ ಓದಿಕೊಳ್ಳಿ.

ಸಹಿಗೆ ಪ್ರತಿ ಸಲ ಬರಲಾಗುವುದಿಲ್ಲವಲ್ಲ, ಅದಕ್ಕೆ ಪವರ್ ಆಫ್ ಅಟಾರ್ನಿ. ಕರಡನ್ನು ಮೊದಲು ಬ್ಯಾಂಕಿನ ವಕೀಲರಿಗೆ ತೋರಿಸಿ, ಆಮೇಲೆ ಕಾನ್ಸುಲೇಟಿಗೆ ಹೋಗಿ. ಕೊಳ್ಳುವ ಅಧಿಕಾರ ಬರೆದು ‘ಅಡವು ಇಡಲು’ ಎಂಬುದನ್ನು ಬಿಟ್ಟರೆ ಮತ್ತೆ ಅಪಾಯಿಂಟ್‌ಮೆಂಟ್, ಮತ್ತೆ ಫೀಸು. ಊರಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಸ್ಟ್ಯಾಂಪ್ ಹಾಕಿಸಬೇಕು. ಹಿಂದೆ ಹೆಂಡತಿಯ ಹೆಸರಿಗೆ ಬರೆದ ಹಳೆಯ ಪವರ್ ಇದ್ದರೆ ರದ್ದು ಮಾಡಿ. ಎಷ್ಟೋ ಜನ ಮದುವೆಯನ್ನು ರದ್ದು ಮಾಡಿ ಅದನ್ನು ಮರೆಯುತ್ತಾರೆ.

ಗಂಡಸಿಗೇ ಇಷ್ಟು. ಅರ್ಜಿದಾರಳು ಕುವೈಟಿನಲ್ಲಿ ದುಡಿಯುವ ನರ್ಸ್ ಆದರೆ ‘ತಂದೆ? ಅಣ್ಣ? ಗಂಡಸರು ಯಾರಿದ್ದಾರೆ?’ ಸಂಬಳ ಅವಳದ್ದು, ಖಾತೆ ಅವಳದ್ದು, ರಾತ್ರಿಪಾಳಿ ಅವಳದ್ದು. ಸಹಿಗೆ ಮಾತ್ರ ಊರಲ್ಲಿ ಕುಳಿತು ಎಲೆಅಡಕೆ ಹಾಕುವ ಅಣ್ಣ ಬೇಕು. ಇದು ಯಾವ ಕಾನೂನಿನಲ್ಲೂ ಇಲ್ಲ. ಪಾಸ್‌ಪೋರ್ಟಿಗೆ ಸಂಗಾತಿಯ ಹೆಸರೂ ಬೇಡ, ಡಿಕ್ರಿಯೂ ಬೇಡ ಎಂದು ವಿದೇಶಾಂಗ ಇಲಾಖೆ 2016ರ ಡಿಸೆಂಬರಿನಲ್ಲೇ ಹೇಳಿತು. ದೇಶ ದಾಟಲು ಬೇಡದ ಗಂಡ ಎರಡು ಬೆಡ್‌ರೂಮಿನ ಮನೆಗೆ ಯಾಕೆ ಬೇಕು? ತಮಾಷೆ ಮಾಡಿ ಮಾಡಿ ಸಾಕಾಗಿದೆ. ಇದು ನಾಚಿಕೆಗೇಡು, ಅಷ್ಟೆ.

ಎಲ್ಲ ಮುಗಿದು ಬಾಡಿಗೆಯವರು ಬಂದರು ಅನ್ನಿ. ಮನೆ ಮಾಲಕರು ಊರಲ್ಲೇ ಇದ್ದರೆ ತಿಂಗಳಿಗೆ 50,000 ದಾಟದ ಬಾಡಿಗೆಗೆ ಬಾಡಿಗೆದಾರ ತೆರಿಗೆ ಹಿಡಿಯಬೇಕಾಗಿಲ್ಲ. ಮಾಲಕರು ಅನಿವಾಸಿಯಾದರೆ ಮೊದಲ ರೂಪಾಯಿಯಿಂದಲೇ ಶೇ. 31.2. ಒಂಬತ್ತು ಸಾವಿರದಲ್ಲಿ 2,808 ಹಿಡಿದು 6,192 ಕೊಡಬೇಕು. ಅದಕ್ಕೆ ಬಾಡಿಗೆದಾರ ಟ್ಯಾನ್ (ತೆರಿಗೆ ಹಿಡಿಯುವವರ ನಂಬರ್) ಮಾಡಿಸಬೇಕು, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. ಹಿಡಿದ ಹಣವನ್ನು ಮಾಲಕರು ವರ್ಷದ ಕೊನೆಗೆ ರಿಟರ್ನ್ ಹಾಕಿ ವಾಪಸು ಕೇಳಬಹುದು. ಬಾಡಿಗೆದಾರರಾದ ಶಾಲಾ ಮೇಷ್ಟ್ರು ಇದನ್ನೆಲ್ಲ ಸಮಾಧಾನವಾಗಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ:

‘ಅಲ್ಲ ಸಾರ್, ಬಾವಿಯಲ್ಲಿ ಏಪ್ರಿಲಿಗೆ ನೀರು ಇರ್ತದಾ?’